ತೊಟ್ಟಿನ ಪೊಟ್ಟಣ

ಬ್ಯಾಡಗಿಯಿಂದ ಅಣ್ಣ ಕಳಿಸಿದ ಮೆಣಸಿನಕಾಯಿ ಚೀಲವನ್ನು ಇವತ್ತು ಬೆಳಿಗ್ಗೆ ಬಿಚ್ಚಿದೆ. ಪಡಸಾಲೆಯಲ್ಲಿ ಹಳೆ ಸೀರೆ ಹಾಸಿ ತೊಟ್ಟು ಮುರಿಯುತ್ತ ಕೂತರೆ ಘಾಟು ಮೂಗಿಗೇರಿ ಸಾಲಾಗಿ ಏಳು ಸೀನು ಬಂದವು. ತವರಿನವರು ನೆನೆದರೆ ಬಿಕ್ಕಳಿಕೆ ಬರುತ್ತದಂತೆ. ನನ್ನ ತವರು ಮೆಣಸಿನಕಾಯಿ ಊರು, ನನಗೆ ಸೀನೇ ಬರಬೇಕು. ಮುರಿದ ತೊಟ್ಟು, ಉದುರಿದ ಬೀಜ ಎಲ್ಲವನ್ನೂ ಪೇಪರಿಗೆ ಸುರಿದು, ಮಡಚಿ, ದಾರ ಸುತ್ತಿ ಗಂಟು ಹಾಕಿದೆ. ಸೊಸೆ ನೋಡಿ ನಕ್ಕಳು.

“ಅತ್ತಿ, ಕಸಕ್ಕೂ ಉಡಿ ತುಂಬತೀರೇನ್ರಿ?”

ನಗಲಿ. ಅವಳು ಈ ಮನೆಗೆ ಬರುವುದಕ್ಕಿಂತ ಮೊದಲಿನ ಸಂಗತಿ ಇದು. ನಿಮಗೆ ಹೇಳುತ್ತೇನೆ, ಅವಳಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ನಾನು ಹೊಟ್ಟೆಕಿಚ್ಚಿನ ಹೆಂಗಸಲ್ಲ ಎಂದೇ ಬಹಳ ವರ್ಷ ತಿಳಿದಿದ್ದೆ. ಸಂಜೆ ದೀಪ ಹಚ್ಚಿ, ಆ ದಿನ ದೇವರು ಕೊಟ್ಟದ್ದನ್ನು ಬೆರಳು ಮಡಚಿ ಎಣಿಸುವುದು ನನ್ನ ರೂಢಿ. ನಳಕ್ಕೆ ನೀರು ಬಂತು, ಹಾಲು ಒಡೆಯಲಿಲ್ಲ, ಯಜಮಾನರ ಮೊಣಕಾಲು ನೋವು ಕಡಿಮೆ ಇತ್ತು. ಒಬ್ಬರ ಬಂಗಾರ ಕಂಡು, ಇನ್ನೊಬ್ಬರ ರೇಷ್ಮೆ ಸೀರೆ ಕಂಡು ನನ್ನ ಹೊಟ್ಟೆ ಉರಿದದ್ದಿಲ್ಲ. ಉರಿದದ್ದು ಎದುರು ಮನೆಯ ಕಸ ಕಂಡು, ನೋಡಿ.

ರಾಣೆಬೆನ್ನೂರಿನ ನಮ್ಮ ಓಣಿಗೆ ಹುಲಿಗೆವ್ವ ಮೊದಲು ಹೆಗಲಿಗೆ ಗೋಣಿಚೀಲ ಹಾಕಿಕೊಂಡು ಬಾಟಲಿ, ರದ್ದಿ ಆಯುತ್ತ ಬರುತ್ತಿದ್ದಳು. ಅವಳು ಬಂದಳೆಂದರೆ ಹೊರಗಿದ್ದ ತಂಬಿಗೆ, ಚಪ್ಪಲಿಗಳನ್ನು ನಾವು ಒಳಗಿಡುತ್ತಿದ್ದೆವು. ಒಂದು ಸೂಜಿಯನ್ನೂ ಅವಳು ಮುಟ್ಟಿದವಳಲ್ಲ. ಆದರೂ ಇಡುತ್ತಿದ್ದೆವು. ಆಮೇಲೆ ಓಣಿಯ ಮಹಿಳಾ ಸಂಘದವರೂ ನಗರಸಭೆಯವರೂ ಕೂಡಿ, ಕಸ ಆಯುವವರ ಕೈಗೇ ಓಣಿಯ ಕಸವನ್ನು ಒಪ್ಪಿಸೋಣ ಎಂದರು. ಹುಲಿಗೆವ್ವನಿಗೆ ತಳ್ಳುಗಾಡಿ ಬಂತು, ಕೊರಳಿಗೆ ಗುರುತಿನ ಚೀಟಿ ಬಂತು, ಬಾಯಿಗೆ ಸೀಟಿ ಬಂತು. ಮನೆಗೆ ಎರಡೆರಡು ಬಕೆಟ್ಟು, ಹಸಿಕಸಕ್ಕೊಂದು, ಒಣಕಸಕ್ಕೊಂದು. ನಿನ್ನೆಯವರೆಗೆ ನಮ್ಮನ್ನು ಕಂಡು ಗೋಡೆ ಬದಿಗೆ ಸರಿಯುತ್ತಿದ್ದವಳ ಸೀಟಿ ಕೇಳಿದರೆ ಈಗ ನಾವು ಒಲೆ ಮೇಲಿನ ಹಾಲು ಬಿಟ್ಟು ಓಡಿ ಬರುತ್ತಿದ್ದೆವು.

ಎದುರು ಮನೆಯ ಗಿರಿಜಕ್ಕ ಹಾಲಿನ ಪಾಕೀಟು ತೊಳೆದು ಅರಿವೆಯಂತೆ ತಂತಿಗೆ ಒಣಹಾಕುವವಳು. ಅವಳ ಬಕೆಟ್ಟಿನ ಮುಚ್ಚಳ ತೆಗೆದರೆ ಹುಲಿಗೆವ್ವ ಓಣಿಗೆಲ್ಲ ಕೇಳುವಂತೆ ಹೇಳುವಳು: “ಏನ್ ಕಸಾರೀ ಗಿರಿಜವ್ವಾ ನಿಮ್ದು! ಮದವ್ಯಾಗ ಆಯೇರಿ ಅರಿವಿ ಜೋಡಿಸಿಟ್ಟಂಗ ಐತಿ!”

ನನ್ನ ಬಕೆಟ್ಟು ತೆಗೆದರೆ ದನಿ ಇಳಿಯುವುದು. “ಅಕ್ಕಾರ, ಊದಿನಕಡ್ಡಿ ಪಾಕೀಟು ಮತ್ತ ಹಸಿಕಸದಾಗ ಬಂದೈತ್ರಿ.”

ಅವಳು ಗಿರಿಜವ್ವ, ನಾನು ಅಕ್ಕಾರ. ಅವಳ ಕಟ್ಟೆಯ ಮೇಲೆ ಕೂತು ಹುಲಿಗೆವ್ವ ಚಹಾ ಕುಡಿಯುವಳು, ಮಗಳ ಸುದ್ದಿ ಹೇಳುವಳು, ಸೆರಗಿನಿಂದ ಬಾಯಿ ಮುಚ್ಚಿ ನಗುವಳು. ಚಹಾ ನಾನೂ ಕೊಡುತ್ತಿದ್ದೆ, ಅದೂ ಏಲಕ್ಕಿ ಹಾಕಿ. ನನ್ನ ಚಹಾವನ್ನು ನಿಂತೇ ಎರಡು ಗುಟುಕಿಗೆ ಮುಗಿಸಿ ಗಾಡಿ ತಳ್ಳಿಕೊಂಡು ಹೋಗುವಳು. ಗಿರಿಜಕ್ಕನ ಆ ನೀರು ಚಹಾದಲ್ಲಿ ಅಂಥದ್ದೇನಿದೆ ಎಂದು ಜಪದ ನಡುವೆಯೂ ಯೋಚಿಸಿದ್ದೇನೆ. ನೂರೆಂಟು ಮಣಿಯಲ್ಲಿ ಎಷ್ಟು ದೇವರಿಗೆ ಹೋದವೋ, ಎಷ್ಟು ಗಿರಿಜಕ್ಕನಿಗೆ ಹೋದವೋ!

ಆ ವರ್ಷ ಸಂಘದವರು ಒಂದು ಮಾತು ತೆಗೆದರು. ಯಾರ ಮನೆಯ ಕಸ ಎಲ್ಲಕ್ಕಿಂತ ಚೊಕ್ಕ ಎಂದು ಹುಲಿಗೆವ್ವ ಹೇಳುತ್ತಾಳೋ, ಆ ಮನೆಯವಳಿಗೆ ಬನದ ಹುಣ್ಣಿಮೆಯ ದಿನ ಓಣಿಯ ಗುಡಿಯಲ್ಲಿ ಉಡಿ ತುಂಬುವುದು. ಐದು ಹಿಡಿ ಅಕ್ಕಿ, ಒಂದು ಕುಬಸ, ಒಂದು ತೆಂಗಿನಕಾಯಿ. ನನಗೆ ಉಡಿ ತುಂಬದ ಹಬ್ಬವಿಲ್ಲ. ಆದರೆ ಆ ಉಡಿ ನನಗೇ ಬೇಕೆನಿಸಿತು.

ಹುಣ್ಣಿಮೆಗೆ ಮೂರು ದಿನ ಇತ್ತು. ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಹೊರಗೆ ಬಂದೆ. ಗಿರಿಜಕ್ಕನ ಒಣಕಸದ ಬಕೆಟ್ಟು ಮೆಟ್ಟಿಲ ಮೇಲಿತ್ತು, ಸುತ್ತ ಯಾರೂ ಇರಲಿಲ್ಲ. ನನ್ನ ಮೊರದಲ್ಲಿ ಹಿಂದಿನ ದಿನ ಮುರಿದ ತೊಟ್ಟು, ಬೀಜ. ಎರಡು ಹಿಡಿ ಒಯ್ದು ಅವಳ ರದ್ದಿಯ ಅಡಿಗೆ ತುರುಕಿ ಬಂದೆ. ಅಡಿಗೆಮನೆಯ ಕಸ ಒಣಕಸದಲ್ಲಿ ಕಲೆತಿದೆ ಎಂದು ಹುಲಿಗೆವ್ವ ಒಮ್ಮೆ ಮುಖ ಸಿಂಡರಿಸಲಿ. ಅಷ್ಟೇ ನನ್ನ ಆಸೆ.

ನನಗೆ ಗೊತ್ತಿಲ್ಲದ್ದು ಒಂದಿತ್ತು. ಎಲ್ಲ ಮನೆಯ ಕಸಕ್ಕೂ ಕೈಗವಸು ಹಾಕುವ ಹುಲಿಗೆವ್ವ, ಗಿರಿಜಕ್ಕನ ಬಕೆಟ್ಟಿಗೆ ಮಾತ್ರ ಬರಿಗೈ ಹಾಕುತ್ತಿದ್ದಳು. ಅಷ್ಟು ಭರವಸೆ.

ಅವತ್ತೂ ಹಾಗೇ ರದ್ದಿ ಕೆದರಿದಳು, ಹಣೆಯ ಬೆವರು ಒರೆಸಿದಳು, ಕಣ್ಣೂ ಉಜ್ಜಿಕೊಂಡಳು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ಅದು ನಾಲಿಗೆಯ ಮಾತು, ಕಣ್ಣಿನದಲ್ಲ. “ಯವ್ವಾ, ಸತ್ತೆ!” ಎಂದು ಅವಳು ಬೀದಿಯಲ್ಲೇ ಕುಸಿದಳು. ಕೊಡ ಹಿಡಿದು ಮೊದಲು ಓಡಿದವಳು ನಾನೇ. ಬೊಗಸೆ ಬೊಗಸೆ ನೀರನ್ನು ಅವಳ ಕಣ್ಣಿಗೆ ಹಾಕಿದೆ.

ಗಿರಿಜಕ್ಕ ಅಳುತ್ತ ಅಂದಳು, “ನಮ್ಮ ಮನ್ಯಾಗ ಮೆಣಸಿನಕಾಯೇ ಇಲ್ಲವ್ವಾ! ನಾವು ಖಾರಪುಡಿ ಪಾಕೀಟು ತರಸವ್ರು. ಇದು ಎಲ್ಲಿಂದ ಬಂತು?”

ಕಣ್ಣು ಮುಚ್ಚಿಯೇ ಹುಲಿಗೆವ್ವ ಅಂದಳು, “ಗಾಳಿಗೆ ಎಲ್ಲಿಂದರೆ ಹಾರಿ ಬಂದಿರಬೇಕು. ಬಿಡ್ರಿ.”

ಮರುದಿನ ನನ್ನ ಬಾಗಿಲಿಗೆ ಬಂದಾಗಲೂ ಅವಳ ಕಣ್ಣು ಕುಂಕುಮದಂತೆ ಇತ್ತು. ನನ್ನ ಬಕೆಟ್ಟು ಗಾಡಿಗೆ ಸುರಿದು, ಸಣ್ಣ ದನಿಯಲ್ಲಿ ಹೇಳಿದಳು: “ಅಕ್ಕಾರ, ಬ್ಯಾಡಗಿ ಕಾಯಿ ತೊಟ್ಟು ಈ ಓಣ್ಯಾಗ ನಿಮ್ಮ ಮನಿ ಒಂದರಾಗ ಬರತಾವು. ಕಸಾ ನೋಡಿ ನಾ ಮನಿ ಹೇಳ್ತೇನಿ. ಇನ್ನ ಮ್ಯಾಲೆ ಪೊಟ್ಟಣಾ ಕಟ್ಟಿ ಬ್ಯಾರೆ ಕೊಡ್ರಿ.”

ಖಾಲಿ ಬಕೆಟ್ಟು ಕೆಳಗಿಟ್ಟೆ. “ತಪ್ಪಾತು ಹುಲಿಗೆವ್ವಾ. ನಿನ್ನೆ ಯಾಕ ಹೇಳಲಿಲ್ಲ?”

“ಹೇಳಿದ್ರ ಜಗಳಾ ಆಗತಿತ್ತು. ಜಗಳಾ ಆದ ಮನ್ಯಾಗ ಯಾರೂ ಕಸಾ ಆರಸೂದಿಲ್ರಿ. ಎರಡೂ ಮನೀದು ಕಲಿಸಿ ಬರತಿತ್ತು, ಕೆಲಸಾ ನನಗ ಹೆಚ್ಚು.”

ಒಳಗೆ ಓಡಿ ಚಹಾ ಕುದಿಸಿದೆ. ಎಂದಿನಂತೆ ಕಾಗದದ ಕಪ್ಪಿಗೆ ಕೈ ಚಾಚಿದಾಗ ತಿಳಿಯಿತು. ಗಿರಿಜಕ್ಕ ಕೊಡುತ್ತಿದ್ದದ್ದು ಮನೆಮಂದಿ ಕುಡಿಯುವ ಸ್ಟೀಲ್ ಲೋಟದಲ್ಲಿ. ನನ್ನದು ಕುಡಿದು ಎಸೆಯುವ ಕಪ್ಪು, ಅದೂ ಕೊನೆಗೆ ಅವಳ ಗಾಡಿಗೇ ಬೀಳುವುದು. ನಮ್ಮ ಲೋಟದಲ್ಲೇ ಸುರಿದು ತಂದೆ. ಹುಲಿಗೆವ್ವ ಲೋಟ ನೋಡಿದಳು, ನನ್ನನ್ನು ನೋಡಿದಳು.

“ಬ್ಯಾಡ್ರಿ ಅಕ್ಕಾರ. ಗಿರಿಜವ್ವಾರ ಮನ್ಯಾಗ ಆಗೇತಿ.”

ಅಷ್ಟೆಲ್ಲ ಆದ ಮೇಲೂ, ಸುಳ್ಳೇಕೆ ಹೇಳಲಿ, ನನಗೆ ಮೊದಲು ಆದದ್ದು ಹೊಟ್ಟೆಕಿಚ್ಚೇ. ಹುಣ್ಣಿಮೆಯ ದಿನ ಗಿರಿಜಕ್ಕನ ಉಡಿಗೆ ಅಕ್ಕಿ ಹಾಕಿದವರಲ್ಲಿ ನಾನೂ ಒಬ್ಬಳು. ಅವಳಿಗೆ ನಾನು ಇವತ್ತಿಗೂ ಹೇಳಿಲ್ಲ. ಅವತ್ತಿನಿಂದ ಹುಲಿಗೆವ್ವ ನನ್ನ ಮನೆಯ ಕಸ ಬಿಟ್ಟು ಬೇರೇನೂ ತೆಗೆದುಕೊಂಡಿರಲಿಲ್ಲ. ಕೇಳಿದಾಗೆಲ್ಲ ಒಂದೇ ಮಾತು, “ಆಗೇತ್ರಿ.”

ಇವತ್ತು ಸೀಟಿ ಕೇಳಿಸಿತು. ಪೊಟ್ಟಣ ಹಿಡಿದು ಹೊರಗೆ ಹೋದೆ. ಗಿರಿಜಕ್ಕನ ಬಾಗಿಲಿಗೆ ಕೀಲಿ. ಮಗಳ ಮನೆಗೆಂದು ಹಾವೇರಿಗೆ ಹೋಗಿ ನಾಲ್ಕು ದಿನವಾಯಿತು. ಹುಲಿಗೆವ್ವ ಪೊಟ್ಟಣ ತೂಗಿ ನೋಡಿ, “ಈ ವರ್ಷ ಕಾಯಿ ಚಲೋ ಬಂದಾವಲ್ರೀ ನಿಮ್ಮ ತವರಾಗ” ಎಂದಳು. ಸೊಂಟ ಹಿಡಿದುಕೊಂಡು ಮೆಲ್ಲಗೆ ನನ್ನ ಕಟ್ಟೆಯ ಮೇಲೆ ಕೂತಳು. “ಚಹಾ ಐತೇನ್ರೀ?”

ಚಹಾ ಕುದಿಯುವಾಗ ದೇವರಿಗೆ ಬೇಡಿಕೊಂಡೆ: ಗಿರಿಜಕ್ಕ ಸುಖವಾಗಿರಲಿ, ಹಾವೇರಿಯಲ್ಲೇ ಇನ್ನೆರಡು ದಿನ ಇರಲಿ.

ಲೋಟ ತುಂಬಾ ಕೊಟ್ಟೆ. ಊದಿ ಊದಿ, ಕೊನೆಯ ಗುಟುಕಿನವರೆಗೂ ಕೂತೇ ಕುಡಿದಳು. ಆಮೇಲೆ ಎದ್ದು ಅಂಗಳದ ನಳದ ಹತ್ತಿರ ಹೋಗಿ ನಿಂತಳು.

“ತೊಳದಿಡ್ಲೇನ್ರೀ ಅಕ್ಕಾರ?”

“ಗಿರಿಜಕ್ಕನ ಮನ್ಯಾಗ ತೊಳದಿಡ್ತೀಯೇನು?”

“ಇಲ್ರಿ. ಅಲ್ಲೆ ಹಂಗ ಇಟ್ಟು ಬರ್ತೇನಿ.”

“ಹಂಗಾರ ಇಲ್ಲೂ ಹಂಗ ಇಡು.”

ಅವಳು ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. ಲೋಟವನ್ನು ಕಟ್ಟೆಯ ಮೇಲಿಟ್ಟು, ಸೀಟಿ ಊದುತ್ತ ಗಾಡಿ ತಳ್ಳಿಕೊಂಡು ಹೋದಳು. ತಳದಲ್ಲಿ ಎರಡು ಹನಿ ಚಹಾ ಉಳಿದಿದ್ದ ಆ ಲೋಟವನ್ನು ಒಳಗೆ ತಂದು ನಮ್ಮ ಲೋಟಗಳ ಜೊತೆ ಮುಸುರೆಗೆ ಹಾಕಿದೆ. ದೀಪ ಹಚ್ಚುವ ಹೊತ್ತು ಇನ್ನೂ ದೂರವಿತ್ತು. ಆದರೂ ಒಂದು ಬೆರಳು ಆಗಲೇ ಮಡಚಿಕೊಂಡೆ.