ಎಡಹುರಿ ಹಗ್ಗ

ಗಟಾರದಾಗ ಏನರೆ ಕೊಳತಿದ್ರ ನೀವು ಮೂಗು ಮುಚ್ಕೊಂಡು ಹೋಗ್ತೀರಿ. ನನಗ ಹಂಗ ಆಗೂದಿಲ್ಲ ನೋಡ್ರಿ. ಈಗ ಪ್ಯಾಟ್ಯಾಗಿನ ಜಲನಗರದ ನಮ್ಮ ಓಣ್ಯಾಗ ಮಳಿನೀರು ನಿಂತು, ಹಸಿ ಕಸ ಕೊಳತು ನಾತ ಎದ್ರ ಸಾಕು, ಕಾಲು ತಾವ ನಿಂತುಬಿಡ್ತಾವ. ಹೊಳ್ಯಾಗ ಕೊಳಿಹಾಕಿದ ಪುಂಡಿ ಕಟಗಿದೂ ಇಂಥಾದ ನಾತ. ಎಪ್ಪತ್ತರ ದಶಕದಾಗ, ಬಬಲೇಶ್ವರ ದಾಟಿ ಕೃಷ್ಣಾ ದಂಡಿಗೆ ಹೋದ್ರ ಹೊಳಿ ನಡುವ ನಮ್ಮ ನಡುಗಡ್ಡಿ ಇತ್ತು. ಹತ್ತಿಪ್ಪತ್ತು ಮನಿ, ಎಲ್ಲಾರೂ ಹಗ್ಗ ಹೊಸಿಯವರು. ಪುಂಡಿ ಕೊಯ್ದು, ಸಿವುಡು ಕಟ್ಟಿ, ಮ್ಯಾಲೆ ಕಲ್ಲು ಹೇರಿ ನೀರಾಗ ಮುಳಗಸ್ತಿದ್ರು. ಕೊಳತ ಮ್ಯಾಲೆ ನಾರು ಸುಲದು, ತೊಳದು ಹರವಿದ್ರ ಅಂಗಳ ತುಂಬ ಮುದುಕ್ಯಾರ ತಲಿಗೂದಲ ಒಣಹಾಕಿದಂಗ ಕಾಣ್ತಿತ್ತು. ನಮ್ಮ ಮೈಗೆ, ಹಾಸಿಗಿಗೆ, ರೊಟ್ಟಿಗೂ ಅದ ವಾಸನಿ. ದಂಡಿ ಮ್ಯಾಲಿನ ಸಾಲ್ಯಾಗ ಹುಡುಗೂರು ನಮ್ಮ ಬಾಜೂಕ ಕೂಡತಿದ್ದಿಲ್ಲ.

ಅಪ್ಪನ ತಂಗಿ ಶಾಂತವ್ವ, ನಮಗ ಶಾಂತತ್ತಿ, ಎಡಚಿ. ಹಗ್ಗದ ಮಂದಿಯೊಳಗ ಅದು ಸಣ್ಣ ಮಾತಲ್ರಿ. ಬಲಗೈಲೆ ಹೊಸದ್ರ ಹುರಿ ಬಲಕ್ಕ ತಿರಗತೈತಿ, ಎಡಗೈಲೆ ಹೊಸದ್ರ ಎಡಕ್ಕ. ಎತ್ತಿಗೆ, ಬಾವಿಗೆ, ತೊಟ್ಟಿಲಕ್ಕ ಬಲಹುರಿನ ಆಗಬೇಕು. ಎಡಹುರಿ ಹಗ್ಗ ಚಟ್ಟಕ್ಕ ಹೆಣ ಕಟ್ಟಾಕ ಮಾತ್ರ. ಹಿಂಗಾಗಿ ಅಕಿ ಅಪ್ಪ, ನಮ್ಮ ಮುತ್ಯಾ, ಅಕಿಗೆ ನಾರು ಸುಲಿಯಾಕ ಕೂಡಸ್ತಿದ್ದ, ಹೊಸಿಯಾಕ ಕೊಡ್ತಿದ್ದಿಲ್ಲ. ಯಾರರೆ ಸತ್ತಾಗ ಅಷ್ಟ, "ಶಾಂತವ್ವನ್ನ ಕರೀರಿ" ಅಂತ ಬರೋರು. ಹರೇದ ಹುಡುಗಿ ನಾರು ಉಡ್ಯಾಗ ಇಟ್ಕೊಂಡು ಹೊಸೀತಿದ್ಲು. ಅಕಿ ಹೊಸದ ಹಗ್ಗ ಕೈಲೆ ಮುಟ್ಟಾಕ ಮಕ್ಕಳು ನಾವೂ ಅಂಜತಿದ್ವಿ.

ನಿಡೋಣಿಯಿಂದ ಒಂದು ಬೀಗತನ ಬಂತು. ನಮ್ಮ ಮಂದಿನ, ಹುಡುಗ ಒಕ್ಕಲುತನದಾಂವ, ಅತ್ತಿಗೂ ಮನಸಿತ್ತು. ನಮ್ಮ ನಡುಗಡ್ಡ್ಯಾಗ ಒಂದು ರೂಢಿ ಇತ್ತು. ಮಾತು ಗಟ್ಟಿ ಆಗೂಕಿಂತ ಮೊದಲ ಹುಡುಗಿ ತನ್ನ ಕೈಯಾರೆ ಹೊಸದ ಒಂದು ಜೋಡಿ ಕಣ್ಣಿ, ಅಂದ್ರ ಕೊರಳಹಗ್ಗ, ಹುಡುಗನ ಎತ್ತಿಗೆ ಕೊಡಬೇಕು. "ನಾ ಹೊಸದ ಕೊಡ್ತೀನಿ ಬಿಡಬೇ, ಯಾರಿಗೆ ತಿಳೀತೈತಿ" ಅಂದ ಮುತ್ಯಾ. ಅತ್ತಿ ಕೇಳಲಿಲ್ಲ. "ಬ್ಯಾಡಪ್ಪಾ, ಆ ಮನಿಗೆ ಸುಳ್ಳು ಹೊತ್ಕೊಂಡು ಹೋಗಾಂಗಿಲ್ಲ ನಾ" ಅಂತ ಬಲಗೈಲೆ ಹೊಸಿಯಾಕ ಕುಂತ್ಲು. ಅಂಗೈ ಸುಲದು ರಕ್ತ ಬಂತು. ಮೊದಲನೇ ಕಣ್ಣಿ ಅಗದಿ ಚಲೋ ಆತು. ಎರಡನೇದಕ್ಕ ನಾರು ಹಿಡದಾಗ ಬೀಗರ ಹರಗೋಲು ಆಚೆ ದಂಡಿ ಬಿಟ್ಟಿದ್ದು ಕಂಡಿತು. ಅವಸರದಾಗ ಎಡಗೈ ತನ್ನ ಚಾಳಿಗೆ ತಾ ಮುಂದ ಬಂತು. ಅಕಿಗೂ ಗೊತ್ತಾಗಲಿಲ್ಲ, ನಮಗೂ ಗೊತ್ತಾಗಲಿಲ್ಲ.

ಹುಡುಗನ ಕಾಕಾ ಕಣ್ಣಿ ಇಸ್ಕೊಂಡು ಬೆರಳಾಗ ಹೊರಳಿಸಿ ನೋಡಿದ. ಒಂದನ್ನ ಬಾಜೂಕ ಇಟ್ಟ. ಇನ್ನೊಂದರ ಹುರಿ ಉಗುರಿಲೆ ಬಿಡಿಸಿ ನೋಡಿದ. "ಯಜಮಾನ್ರ, ಇದು ಚಟ್ಟದ ಹಗ್ಗ ಐತಲ್ರಿ" ಅಂದ, ಸಿಟ್ಟಿಲ್ಲದ, ಮೆಲ್ಲಕ. ಚಹಾ ಹಂಗ ಆರಿಹೋತು. ಅತ್ತಿ ಒಳಗ ಜ್ವಾಳದ ಚೀಲಕ್ಕ ಆತ್ಕೊಂಡು ಕುಂತು ತನ್ನ ಎಡಗೈ ನೋಡ್ಕೊಂತ ಇದ್ಲು. ಅಳಲಿಲ್ಲ. ಅಕಿ ಅತ್ತಬಿಟ್ಟಿದ್ರ ಚಲೋ ಇತ್ತು ಅಂತ ನನಗ ಇವತ್ತಿಗೂ ಸಂಕಟ ಆಗತೈತಿ. ಸುದ್ದಿ ಹೊಳಿ ಎರಡೂ ದಂಡಿಗೆ ಹಬ್ಬಿತು, ಮತ್ತ ಯಾವ ಬೀಗರೂ ಬರಲಿಲ್ಲ.

ಮುತ್ಯಾ ತೀರಿಕೊಂಡಾಗ ಹಗ್ಗ ಅಕಿನ ಹೊಸದ್ಲು. ಆಮ್ಯಾಲೆ ನೈಲಾನ್ ಬಂತು, ಪುಂಡಿ ಹಗ್ಗ ಕೇಳೋರ ಇಲ್ಲದಂಗಾತು, ಮನಿ ಒಂದೊಂದ ಖಾಲಿ ಆದವು. ಈಗ ಅಲ್ಲಿ ಜಾಲಿಕಂಟಿ ಅಷ್ಟ. ಅದನ್ನೆಲ್ಲಾ ನೆನಸಿ ನೆನಸಿ ನಾನೂ ದಣದೀನ್ರಿ. ಅತ್ತಿ ಕಡೀಕ ನನ್ನ ಕೂಡ ಜಲನಗರದಾಗ ಇದ್ಲು. ಬಟ್ಟಿ ಒಣಹಾಕೂ ನೈಲಾನ್ ಹಗ್ಗ ಬೆರಳಾಗ ಹೊರಳಿಸಿ, "ಇದಕ್ಕ ಎಡ ಇಲ್ಲ, ಬಲ ಇಲ್ಲ, ಆರಾಮ ಐತಿ" ಅಂತಿದ್ಲು.

ಹೋದ ವರ್ಷ ಅಕಿ ಹೋದ್ಲು. ಅಂಗಳಕ್ಕ ಚಟ್ಟದ ಬಿದರು ಬಂತು, ಹೂವು ಬಂತು. ನಮ್ಮ ನಡುಗಡ್ಡಿ ಹಿರ್ಯಾರೊಬ್ರು, "ಹಗ್ಗ ಹೊಸಿಯವರು ಯಾರದಾರ?" ಅಂತ ಕೇಳಿದ್ರು. ಅತ್ತಿ ಹೆಸರ ನನ್ನ ನಾಲಿಗಿ ತುದಿಗೆ ಬಂತು. ಹಿತ್ತಲಕ್ಕ ಹೋಗಿ, ಒಣಹಾಕಿದ್ದ ಅಕಿ ಸೀರಿ ತಗದು, ಆ ನೈಲಾನ್ ಹಗ್ಗ ಬಿಚ್ಕೊಂಡು ಬಂದ್ನಿ.