ಪೂಜೆಗಿಟ್ಟ ಏಳನೇ ನಂಬರಿನ ಚಿಪ್

ಪವಾಡ ಗಿವಾಡ ಎಂದರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೇ. ಮೀಟರ್ ತೋರಿಸಿದ್ದು ಖರೇ, ಉಳಿದದ್ದೆಲ್ಲ ಬಾಯಿಮಾತು ಎಂದು ವಾದ ಮಾಡಿ ಅವ್ವನ ಹತ್ತಿರ ಬೈಸಿಕೊಂಡವನು ನಾನು. ಈಗ ಬರೆಯುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ.

ಗೋವಾದಲ್ಲಿ ಪವರ್ ಚಿಪ್ ಡಿಸೈನ್ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ನನ್ನ ನೌಕರಿ. ಇನ್ವರ್ಟರ್, ಕರೆಂಟಿನ ಸ್ಕೂಟರ್‌ಗಳ ಒಳಗೆ ಕೂತು ಕರೆಂಟನ್ನು ಹದ್ದುಬಸ್ತಿನಲ್ಲಿಡುವ, ಉಗುರಿನಷ್ಟು ದೊಡ್ಡ ಚಿಪ್ಪುಗಳು. ಡಿಸೈನ್ ನಮ್ಮದು, ತಯಾರಾಗಿ ಬರುವುದು ಹೊರಗಿನಿಂದ. ಬಂದ ಸ್ಯಾಂಪಲ್ಲಿಗೆ ನಂಬರ್ ಹಾಕಿ, ಕಾಯಿಸಿ, ಕರೆಂಟ್ ಹಾಯಿಸಿ, ಬದುಕಿತೋ ಸತ್ತಿತೋ ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡುವುದು ನನ್ನ ಕೆಲಸ. ಅಪ್ಪ ಮಡಗಾಂವ್ ಹತ್ತಿರದ ಫಾತೋರ್ಡಾದಲ್ಲಿ ಗಾರೆ ಕೆಲಸ ಮಾಡಿ ನನ್ನನ್ನು ಡಿಪ್ಲೊಮಾ ಓದಿಸಿದ್ದ. ನಾನೋ, ಮೂರು ವರ್ಷವಾದರೂ ಕಾಂಟ್ರ್ಯಾಕ್ಟಿನ ಮೇಲೇ ಇದ್ದೆ. ಆ ವರ್ಷ ದಸರೆಯ ಮರುದಿನ ದೊಡ್ಡ ಗಿರಾಕಿಗಳು ಹೊಸ ಚಿಪ್ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ನನ್ನನ್ನು ಪರ್ಮನೆಂಟ್ ಮಾಡುವುದಾಗಿ ಮ್ಯಾನೇಜರ್ ದೇಸಾಯಿ ಸಾಹೇಬರು ಮಾತು ಕೊಟ್ಟಿದ್ದರು.

ಖಂಡೆಪೂಜೆಯ, ಅಂದರೆ ಆಯುಧಪೂಜೆಯ ದಿನ ಸಾಹೇಬರ ಹಟ ಸುರುವಾಯಿತು. ಧಾರವಾಡದ ಕಡೆಯವರು, ಭಾಳ ದೈವಭಕ್ತರು. ಮಷೀನುಗಳಿಗಷ್ಟೇ ಅಲ್ಲ, ಒಂದು ಚಿಪ್ಪನ್ನೂ ದೇವಿಯ ಮುಂದಿಟ್ಟು ಕುಂಕುಮ ಹಚ್ಚು ಎಂದರು. ಕುಂಕುಮದ ಪುಡಿ ಬಿದ್ದರೆ ಸ್ಯಾಂಪಲ್ ಕೆಡುತ್ತದೆ ಎಂದು ಎಷ್ಟು ಬಡಕೊಂಡರೂ ಕೇಳಲಿಲ್ಲ. ಕೊನೆಗೆ ತಲೆ ಕೆಟ್ಟು, ಹಿಂದಿನ ದಿನವಷ್ಟೇ ನನ್ನ ಕಣ್ಣೆದುರಿಗೇ ಹೊಗೆ ಬಂದು ಸತ್ತಿದ್ದ ಏಳನೇ ನಂಬರನ್ನು ಇಟ್ಟೆ. ಹೇಗೂ ಕಸಕ್ಕೆ ಹೋಗುವುದು, ಯಾರಿಗೆ ಏನು ನಷ್ಟ? ಇದನ್ನು ಸಾಹೇಬರಿಗೆ ಹೇಳದೇ ಇದ್ದದ್ದು ನನ್ನ ತಪ್ಪು.

ದಸರೆಯ ಮರುದಿನ ಬೆಳಿಗ್ಗೆ ಗಿರಾಕಿಗಳನ್ನು ಕರೆತರಲು ನನ್ನನ್ನು ಮಡಗಾಂವ್ ಸ್ಟೇಶನ್ನಿಗೆ ಕಳಿಸಿದರು. ಟ್ರೇನು ತಡ, ಅದರ ಮೇಲೆ ರಸ್ತೆಯಲ್ಲಿ ಗಾಡಿಗಳ ಸಾಲು. ನಾವು ಮುಟ್ಟುವಷ್ಟರಲ್ಲಿ ಸಾಹೇಬರೇ ಸ್ಕೂಟರಿನ ಮೋಟರಿಗೆ ಚಿಪ್ಪಿನ ಬೋರ್ಡ್ ಜೋಡಿಸಿ, ಸಜ್ಜು ಮಾಡಿ ನಿಂತಿದ್ದರು.

"ಪೂಜಿ ಆದ ಚಿಪ್ಪನ್ನ ಕುಂದ್ರಿಸೇನಿ ನೋಡಪಾ, ಇನ್ನ ಚಿಂತಿಲ್ಲ," ಎಂದು ನನ್ನ ಕಿವಿಯಲ್ಲಿ ಹೇಳಿದರು.

ಪೂಜೆಯಾದದ್ದೆಂದರೆ ಆ ಸತ್ತ ಏಳನೇ ನಂಬರೇ. ಗಿರಾಕಿಗಳ ಮುಂದೆ ಬಾಯಿ ಬಿಡುವ ಹಾಗಿಲ್ಲ. ಸಾಹೇಬರ ಮೇಲೂ ಸಿಟ್ಟು, ನನ್ನ ಮೇಲೂ ಸಿಟ್ಟು, ಹಲ್ಲು ಕಚ್ಚಿ ನಿಂತೆ. ಸ್ವಿಚ್ ಹಾಕಿದರು. ಸ್ಕೂಟರಿನ ಮೋಟರು ತಿರುಗತೊಡಗಿತು. ಒಂದು ತಾಸಾಯಿತು, ಎರಡಾಯಿತು, ಊಟ ಮುಗಿಸಿ ಬಂದರೂ ತಿರುಗುತ್ತಲೇ ಇತ್ತು. ಬಗ್ಗಿ ನೋಡಿದೆ. ಏಳು ಎಂದು ನನ್ನದೇ ಅಕ್ಷರ, ಮೂಲೆಯಲ್ಲಿ ಸಾಸಿವೆಯಷ್ಟು ಸುಟ್ಟ ತೂತು, ಅದರೊಳಗೆ ಕುಂಕುಮ. ಅದೇ ಚಿಪ್.

ಗಿರಾಕಿಗಳು ಖುಷಿಯಾಗಿ, ಹೊರಡುವ ಮುಂಚೆ ರಿಜಿಸ್ಟರ್ ಕೇಳಿದರು. ಏಳನೇ ನಂಬರಿನ ಮುಂದೆ 'ಸತ್ತಿದೆ' ಎಂದು ಬರೆದಿತ್ತು, ಕೆಳಗೆ ನನ್ನ ಸಹಿ. ಸತ್ತ ಚಿಪ್ ನಾಲ್ಕು ತಾಸು ಓಡಿತೆಂದರೆ ನಿಮ್ಮ ರಿಜಿಸ್ಟರನ್ನು ನಂಬುವುದು ಹೇಗೆ ಎಂದರು. ಸಾಹೇಬರು ನನ್ನನ್ನು ಒಳಗೆ ಕರೆದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿ, ಆ ಚಿಪ್ಪನ್ನು ತೆಗೆದು ಅವರ ಎದುರಿಗೇ ಮೀಟರ್ ಹಚ್ಚಿದೆ. ಕರೆಂಟ್ ಹಾಯುವ ದಾರಿಯೇ ಇರಲಿಲ್ಲ. ಪೂಜೆಗಿಡುವ ಮುಂಚೆ ಹೇಗಿತ್ತೋ ಹಾಗೇ ಸತ್ತು ಕೂತಿತ್ತು. ಸಾಹೇಬರು ಮೀಟರ್ ಇಸಕೊಂಡು ತಾವೂ ಒಮ್ಮೆ ಹಚ್ಚಿ ನೋಡಿದರು.

"ಇದನ್ನ ಯಾರ ಮುಂದ ಹೇಳೋಣಪಾ?" ಎಂದರು. "ತಪ್ಪಿ ಬರದೇನಿ ಅಂತ ಬರದು ಸಹಿ ಮಾಡು. ಇಲ್ಲಾಂದ್ರ ಆರ್ಡರೂ ಹೋಗತೈತಿ, ನಿನ್ನ ನೌಕರಿನೂ ಹೋಗತೈತಿ."

ಬರೆದೆ. ಗಿರಾಕಿಗಳು ಓದಿ, ಸರಿ ಎಂದು ಆರ್ಡರ್ ಕೊಟ್ಟರು. ಮುಂದಿನ ತಿಂಗಳು ಪರ್ಮನೆಂಟ್ ಆಯಿತು, ಅಪ್ಪ ಓಣಿಗೆಲ್ಲ ಪೇಢೆ ಹಂಚಿದ.

ಆ ಚಿಪ್ ನಾಲ್ಕು ತಾಸು ಹೇಗೆ ಓಡಿತೋ ಇವತ್ತಿಗೂ ನನಗೆ ಗೊತ್ತಿಲ್ಲ. ದೊಡ್ಡ ದೊಡ್ಡ ಡಿಸೈನರುಗಳನ್ನು ಸುತ್ತುಬಳಸಿ ಕೇಳಿದ್ದೇನೆ, ಸಾಧ್ಯವೇ ಇಲ್ಲ ಎನ್ನುತ್ತಾರೆ. ದೇವಿಯದೇ ಮಹಿಮೆ ಎನ್ನುತ್ತಾಳೆ ಅವ್ವ. ಇರಲಿ, ಆದರೆ ನನ್ನ ಹೊಟ್ಟೆ ಉರಿಯುವುದು ಬೇರೆಯದಕ್ಕೆ. ಇಷ್ಟು ವರ್ಷದಲ್ಲಿ ಆ ರಿಜಿಸ್ಟರಿನಲ್ಲಿ ನಾನು ಬರೆದ ಒಂದೇ ಒಂದು ಸುಳ್ಳೆಂದರೆ ಆ 'ತಪ್ಪಿ ಬರೆದಿದ್ದೇನೆ' ಎಂಬುದು. ಅದನ್ನು ಮಾತ್ರ ಎಲ್ಲರೂ ನಂಬಿದರು.