ಯಿಂಗ್ಲಿಯನ್ ಗಂಟು ಬಿಚ್ಚಲು ಕಲಿತದ್ದು

ಹುವೊಶಾನ್ ಬೆಟ್ಟದ ಹೇಯ್‌ಶಿ ಹಳ್ಳಿಗೆ ಸೊಸೆಯಾಗಿ ಬಂದ ವರ್ಷವೇ, ಮೊದಲ ಚಹಾ ಚಿಗುರು ಹುರಿಯುವ ದಿನ, ಮಾವ ಚೂ ಮುದುಕ ಯಿಂಗ್ಲಿಯನ್‌ಳ ಬಲಗೈ ಹಿಡಿದು ಕಾದ ಬಾಣಲೆಗೆ ಒತ್ತಿದ.

"ಉರೀತಾ? ಉರೀಲಿ. ಈ ಕಾವು ನೆನಪಿಟ್ಕೋ. ಜಾಸ್ತಿ ಆದ್ರೆ ಚಿಗುರು ಸೀಯುತ್ತೆ, ಕಮ್ಮಿ ಆದ್ರೆ ಹಸಿ ನಾತ ಹೊಡೆಯುತ್ತೆ."

ಅಂಗೈ ತುಂಬ ಬೊಬ್ಬೆ ಎದ್ದಿತು. ಗಂಡ ಶೌಗೆನ್ ಹಂದಿಕೊಬ್ಬು ಸವರುತ್ತಾ, "ನಂಗೂ ಹಂಗೇ ಸುಟ್ಟಿದ್ದ ಕಣೇ" ಎಂದ. ಅಪ್ಪನೆದುರು ಅವನ ಬಾಯಿ ಯಾವತ್ತೂ ಏಳುತ್ತಿರಲಿಲ್ಲ.

ಚೂ ಮುದುಕನ ಹಳದಿ ಚಹಾ ಎಂದರೆ ಆ ಕಣಿವೆಯಲ್ಲಿ ಜನ ಜಗಳ ಬಿಟ್ಟು ಕುಡಿಯುತ್ತಿದ್ದರು. ಹಣ್ಣನ್ನೂ ಹೂವನ್ನೂ ಸೋಕಿಸದಿದ್ದರೂ ಬಾಯಿಗೆ ಮಾಗಿದ ಜರ್ದಾಳು ಹಣ್ಣಿನ ಘಮ. ಹುರಿದ ಚಿಗುರನ್ನು ಬಿಸಿಯಾಗಿರುವಾಗಲೇ ಬಟ್ಟೆಯಲ್ಲಿ ಗಂಟು ಕಟ್ಟಿ, ಕೋಳಿಯನ್ನು ಕಾವಿಗೆ ಕೂರಿಸಿದ ಹಾಗೆ ಒಲೆಯ ಮಗ್ಗುಲಲ್ಲಿ ಇಡಬೇಕು. ಒಳಗೆ ಬೆವರಿ ಬೆವರಿ ಹಸಿರು ಅಳಿದು ಹಳದಿ ಬರುತ್ತದೆ. ಹಣ್ಣಿನ ಘಮ ಹುಟ್ಟುವುದು ಆಗಲೇ. ಬೇಗ ಬಿಚ್ಚಿದರೆ ಹುಲ್ಲು, ತಡವಾದರೆ ಗೊಬ್ಬರ. ಆ ಗಳಿಗೆ ಬಂದಾಗ ಮುದುಕ ಸೊಸೆಯನ್ನು ಹೊರಗೆ ನೂಕಿ ಬಾಗಿಲು ಹಾಕಿಕೊಳ್ಳುತ್ತಿದ್ದ. "ಹೆಣ್ಣು ಇವತ್ತು ನಮ್ಮನೆ, ನಾಳೆ ಇನ್ಯಾರ ಮನೆಯೋ" ಎನ್ನುತ್ತಿದ್ದ. ಸಂದಿಯಲ್ಲಿ ಇಣುಕಿದರೆ ಎಲೆ ತಿರುವುವ ಬಿದಿರ ಪೊರಕೆ ಅವಳ ಬೆನ್ನ ಮೇಲೆ ಮುರಿಯುತ್ತಿತ್ತು.

ಕೆಳಗಿನ ಬಯಲಿನಲ್ಲಿ ಸೇನಾಧಿಪತಿಗಳು ಒಬ್ಬರನ್ನೊಬ್ಬರು ಕಡಿದುಕೊಳ್ಳುತ್ತಿದ್ದ ಕಾಲ. ಒಂದು ವಸಂತದಲ್ಲಿ, ಸೋತ ದಂಡಿನಿಂದ ತಪ್ಪಿಸಿಕೊಂಡ ಮೂವರು ಸಿಪಾಯಿಗಳು ಬೆಟ್ಟ ಹತ್ತಿ ಬಂದು ಚೂ ಮನೆಯ ಎಮ್ಮೆಯ ಹಗ್ಗಕ್ಕೆ ಕೈ ಹಾಕಿದರು. ಹುಟ್ಟಿದ ಮೇಲೆ ಒಂದೇ ಸಲ ಶೌಗೆನ್ ಒಬ್ಬರಿಗೆ ಎದುರು ನಿಂತ.

"ಬಿಡ್ರಯ್ಯಾ. ಅದಿಲ್ದೆ ಗದ್ದೆ ಉಳೋದು ಯಾರು, ನಿಮ್ಮಪ್ಪನಾ?"

ಮುಖದ ತುಂಬ ಸಿಡುಬಿನ ಕಲೆಯಿದ್ದವನು ಬಂದೂಕಿನ ತುದಿಯ ಕತ್ತಿಯನ್ನು ಶೌಗೆನ್‌ನ ಹೊಟ್ಟೆಗೆ ಹಾಕಿ, ಒಮ್ಮೆ ತಿರುವಿ ಎಳೆದುಕೊಂಡ. ಸೌದೆ ಹಿಡಿದು ಓಡಿಬಂದ ಮುದುಕನ ಮೊಣಕಾಲನ್ನು ಎರಡನೆಯವನು ಬಂದೂಕಿನ ಹಿಡಿಯಿಂದ ಜಜ್ಜಿದ. ಒಣಬಿದಿರು ಸೀಳಿದಂಥ ಸದ್ದಾಯಿತು.

ಸಿಡುಬಿನವನು ಯಿಂಗ್ಲಿಯನ್ ಇದ್ದ ಅಡುಗೆಮನೆಗೆ ಬಂದ. "ಏಯ್, ಏನಾದ್ರೂ ಕರಿ. ಹಸಿವು. ಅಳೋದು ಆಮೇಲೆ ಅಳು."

ಯಿಂಗ್ಲಿಯನ್ ಅಳಲಿಲ್ಲ. ಹಂದಿಕೊಬ್ಬನ್ನು ಪೂರ್ತಿ ಬಾಣಲೆಗೆ ಸುರಿದು ಉರಿ ಏರಿಸಿದಳು. ಹೊಗೆಯೇಳುವಾಗ ಅವನು ಬಗ್ಗಿ, "ಇಷ್ಟೊಂದಾ?" ಎಂದು ನಕ್ಕ. ಅವಳು ಬಾಣಲೆಯನ್ನೇ ಎತ್ತಿ ಆ ನಗುವಿಗೆ ಎರಚಿದಳು.

ಅರಚಾಟ ಕೇಳಿ ಎರಡನೆಯವನು ಹೊಸಿಲು ದಾಟಿದ. ಬಾಗಿಲ ಮರೆಯಿಂದ ಸೌದೆಯ ಕೊಡಲಿ ಅವನ ಕುತ್ತಿಗೆಗೆ ಬಿತ್ತು. ಮೊದಲ ಏಟಿಗೆ ಸಾಯಲಿಲ್ಲ, ಮತ್ತೊಂದು ಹಾಕಿದಳು. ಅಂಗಳದಲ್ಲಿದ್ದ ಮೂರನೆಯವನು ಎಮ್ಮೆಯನ್ನು ಬಿಟ್ಟು ಇಳಿಜಾರಿನಲ್ಲಿ ಬಿದ್ದೆದ್ದು ಓಡಿದ.

ಕಣ್ಣು ಬೆಂದುಹೋದ ಸಿಡುಬಿನವನು ನೆಲ ತಡಕುತ್ತಾ "ಅವ್ವಾ, ಅವ್ವಾ" ಎನ್ನುತ್ತಿದ್ದ. ಅವಳು ಸ್ವಲ್ಪ ಹೊತ್ತು ನಿಂತು ಕೇಳಿದಳು. ಆಮೇಲೆ ಕೊಡಲಿ ಎತ್ತಿದಳು. "ಕನಿಕರ ಬರ್ಲಿಲ್ಲ. ಬರ್ಬೇಕಿತ್ತೋ ಏನೋ" ಎಂದು ಎಷ್ಟೋ ವರ್ಷಗಳ ಮೇಲೆ ಹೇಳುತ್ತಿದ್ದಳು.

ಊರ ಹಿರಿಯ ಪಾನ್ ಬಂದು ಹೆಣಗಳನ್ನು ನೋಡಿ ಗೋಡೆ ಹಿಡಿದುಕೊಂಡ. "ಏನ್ ಮಾಡ್ಬಿಟ್ಟೆ ತಾಯಿ! ಓಡಿಹೋದೋನು ಸುಮ್ನೆ ಇರ್ತಾನಾ? ಜನ ಕಟ್ಕೊಂಡ್ ಬರ್ತಾನೆ. ನಿನ್ನ ಮೋರೆ ಇಲ್ಲಿ ಕಾಣಬಾರ್ದು."

ಬೆಳಗಾಗುವಷ್ಟರಲ್ಲಿ ಶೌಗೆನ್‌ನನ್ನು ಚಹಾ ಸಾಲಿನ ನಡುವೆ ಚಾಪೆಯಲ್ಲಿ ಸುತ್ತಿ ಮಣ್ಣು ಮಾಡಿದಳು. ಮಾವನನ್ನು ಬೆನ್ನಬುಟ್ಟಿಯಲ್ಲಿ ಕೂರಿಸಿಕೊಂಡು ಬೆಟ್ಟದಾಚೆ ದಾಟಿಸುವ ಕಣಿವೆದಾರಿಯತ್ತ ಹೊರಟಳು. ಒಲೆಯ ಮಗ್ಗುಲಲ್ಲಿದ್ದ ಆ ವರ್ಷದ ಚಿಗುರಿನ ಗಂಟು, ಇನ್ನೂ ಬೆಚ್ಚಗೆ, ಅವನ ಮಡಿಲಲ್ಲಿತ್ತು. ಮುರಿದ ಕಾಲು ಅಲುಗಿದಾಗೆಲ್ಲ ಮುದುಕ ಅವಳ ತಲೆಗೆ ಗುದ್ದುತ್ತಿದ್ದ.

"ಮೆಲ್ಲಗೆ ನಡಿಯೇ, ಗಂಡನ್ನ ತಿಂದ ಮುಂಡೆ!"

ಬಂಡೆಯಂಚಿನಲ್ಲಿ ಅವಳು ಬುಟ್ಟಿ ಇಳಿಸಿದಳು. "ಗಂಟು ಬಿಚ್ಚೋದು ಯಾವಾಗ? ಹೇಳಿ."

"ಸತ್ರೂ ಹೇಳಲ್ಲ."

"ಹಂಗಾದ್ರೆ ಸಾಯಿ."

ಗಂಟನ್ನು ಕಿತ್ತುಕೊಂಡು ನಡೆದಳು. ಕೆಳಗೆ ಹೇಯ್‌ಶಿಯ ಹುಲ್ಲುಮಾಡುಗಳಿಂದ ಕಪ್ಪು ಹೊಗೆ ಏಳುತ್ತಿತ್ತು, ಗುಂಡಿನ ಸದ್ದು ಬೆಟ್ಟದಿಂದ ಬೆಟ್ಟಕ್ಕೆ ಬಡಿಯುತ್ತಿತ್ತು. ಮುದುಕ "ಸೊಸೇ" ಎಂದು ಕೂಗಿದ. ಅವಳು ತಿರುಗಲಿಲ್ಲ. ದಾರಿಯ ತಿರುವಿನಲ್ಲಿ ಅವಳು ಮರೆಯಾಗುವಾಗ ಅವನ ದನಿ ಒಡೆಯಿತು.

"ಬಟ್ಟೆಗೆ ಮೂಗಿಡೇ! ಹಸಿ ವಾಸನೆ ಹೋಗಿ, ಒಣಹುಲ್ಲಲ್ಲಿ ಹಣ್ಣು ಮಾಗಕ್ಕೆ ಇಟ್ಟಂಗೆ ಬರ್ಬೇಕು! ಸಿಹಿ ಹಿಂದೆ ಚೂರು ಹುಳಿ ಬಂತೋ, ಕೆಡ್ತು!"

ಅವಳು ಮೂಗಿಟ್ಟಳು. ಮೊದಲು ಸಿಕ್ಕಿದ್ದು ತನ್ನ ತೋಳಿಗೆ ಅಂಟಿದ್ದ ರಕ್ತದ ವಾಸನೆ. ಅದರಡಿಯಲ್ಲಿ ಹುಲ್ಲು, ಇನ್ನೂ ಅಡಿಯಲ್ಲಿ, ಬರಲೋ ಬೇಡವೋ ಎಂಬಂತೆ, ಏನೋ ಸಿಹಿ. ವಾಪಸ್ ಬಂದು ಬುಟ್ಟಿ ಎತ್ತಿಕೊಂಡಳು.

"ಈಗ್ಲೇ ಬಿಚ್ಚೋದಾ?"

"ಇನ್ನೂ ಇಲ್ಲ. ನಡಿ."

ಕಣಿವೆಯಾಚೆ, ಇದ್ದಿಲು ಸುಡುವ ಫಾಂಗ್ ಎಂಬವನ ಗುಡಿಸಲಲ್ಲಿ ಗಂಟು ಬಿಚ್ಚಿದರು. ಅವನದೇ ಕೆಂಡದ ಮೇಲೆ ಬಿದಿರ ಜರಡಿಯಿಟ್ಟು ಚಿಗುರನ್ನು ಒಣಗಿಸಿದರು. ಫಾಂಗ್ ಒಂದು ಬಟ್ಟಲು ಕುಡಿದು, "ಇದ್ರಲ್ಲಿ ಜರ್ದಾಳು ಹಾಕಿದೀರಾ?" ಎಂದ. ಯಿಂಗ್ಲಿಯನ್ ಒಂದು ಗುಟುಕು ಕುಡಿದವಳೇ, ಬಾಯಿಗೆ ಆ ರಕ್ತದ ವಾಸನೆಯೇ ಬಂದಂತಾಗಿ, ಹೊರಗೆ ಹೋಗಿ ವಾಂತಿ ಮಾಡಿದಳು. ಅಲ್ಲಿಂದಾಚೆ ತಾನು ಮಾಡಿದ ಚಹಾವನ್ನು ಅವಳು ನಾಲಿಗೆಗೆ ಮುಟ್ಟಿಸಲಿಲ್ಲ. ಮೂಗೊಂದನ್ನೇ ನಂಬಿದಳು.

ಅವರು ಅಲ್ಲೇ ಉಳಿದರು. ಮರುವಸಂತದಲ್ಲಿ ಚಿಗುರು ಹುರಿಯುವಾಗ ಮುದುಕ ಕೂತಲ್ಲಿಂದಲೇ ಅವಳತ್ತ ಪೊರಕೆ ಬೀಸಿದ. ಅವಳು ಅದನ್ನು ಕಿತ್ತುಕೊಂಡು ಅವನ ಬಾಯಿಗೇ ಬಾರಿಸಿದಳು. ಮುದುಕ ಒಂದು ಹಲ್ಲನ್ನು ಉಗಿದು, "ಉರಿ ತಗ್ಗಿಸು" ಎಂದ. ಆ ಮನೆಯಲ್ಲಿ ಮತ್ತೆ ಯಾರೂ ಕೈಯೆತ್ತಲಿಲ್ಲ. ಅವನು ಸತ್ತ ಮೇಲೆ ಅವಳು ಫಾಂಗ್‌ನ ಕೈ ಹಿಡಿದಳು.

ಒಂದು ವರ್ಷ ಚಿಗುರು ಕೀಳುವ ಹೊತ್ತಿಗೆ ಕೂಲಿ ಕೇಳಿಕೊಂಡು ಬಂದ ಮುದುಕರಲ್ಲಿ ಹೇಯ್‌ಶಿಯ ಹಿರಿಯ ಪಾನ್ ಇದ್ದ. ಅವಳನ್ನು ಗುರುತು ಹಿಡಿದು ಹೊಸಿಲ ಮೇಲೆ ಉಗುಳಿದ.

"ನೀನು ಕೊಡಲಿ ಎತ್ತಿದ್ದಕ್ಕೆ ಸಿಪಾಯಿಗಳು ಬಂದು ನನ್ನೆರಡೂ ಗಂಡುಮಕ್ಕಳನ್ನ ಅಂಗಳದಲ್ಲೇ ಗುಂಡಿಟ್ಟು ಸುಟ್ರು. ಗೊತ್ತಾ ನಿಂಗೆ?"

ಅವಳಿಗೆ ಗೊತ್ತಿರಲಿಲ್ಲ. ಹೊಸಿಲು ಒರೆಸಿ, ಅವನಿಗೊಂದು ಕೀಳುವ ಬುಟ್ಟಿ ತಂದಿಟ್ಟಳು. ಹಸಿದಿದ್ದ ಪಾನ್ ಅದನ್ನು ತೆಗೆದುಕೊಂಡ. ಆ ವಸಂತವೆಲ್ಲ ಇಬ್ಬರೂ ಒಂದೇ ಸಾಲಿನ ಆ ಬದಿ ಈ ಬದಿ ನಿಂತು ಚಿಗುರು ಕಿತ್ತರು.